ಶೇಂಗಾ ಎಣ್ಣೆ ಏಕೆ ಹೆಪ್ಪುಗಟ್ಟದು, ರೇಷ್ಮೆ ಏಕೆ ಕರಗದು?

ಪ್ರಶ್ನೆ: ನಮ್ಮದು ಚಳ್ಳಕೆರೆ. ಚಳಿಗಾಲ ಬಂತೆಂದರೆ ಕೊಬ್ಬರಿ ಎಣ್ಣೆ ಬಾಟಲಿಯೊಳಗೇ ಗಟ್ಟಿಯಾಗಿ ಕೂರುತ್ತದೆ. ಪಕ್ಕದಲ್ಲೇ ಇರುವ ಶೇಂಗಾ ಎಣ್ಣೆ ಡಬ್ಬಕ್ಕೆ ಏನೂ ಆಗುವುದಿಲ್ಲ. ಎರಡೂ ಎಣ್ಣೆಯೇ ಅಲ್ಲವೆ? ಹೀಗೆ ಗಟ್ಟಿಯಾಗಿ ಕರಗಿ, ಗಟ್ಟಿಯಾಗಿ ಕರಗಿ ಎಣ್ಣೆ ಕೆಡುವುದಿಲ್ಲವೆ? ಇನ್ನೊಂದು ಮಾತು. ನಮ್ಮ ಅತ್ತಿಗೆಯ ತವರು ಮೊಳಕಾಲ್ಮುರು. ಅಲ್ಲಿ ರೇಷ್ಮೆ ಅಸಲಿಯೋ ನಕಲಿಯೋ ನೋಡಲು ಎಳೆಯ ತುದಿಗೆ ಬೆಂಕಿ ತಾಗಿಸುತ್ತಾರೆ. ಪಾಲಿಯೆಸ್ಟರ್ ಆದರೆ ಕರಗಿ ಮಣಿಯಾಗುತ್ತದೆ, ರೇಷ್ಮೆ ಕರಗುವುದೇ ಇಲ್ಲ. ಎಲ್ಲ ವಸ್ತುವಿಗೂ ಘನ, ದ್ರವ, ಅನಿಲ ಎಂದು ಮೂರು ಸ್ಥಿತಿ ಇರುತ್ತವೆಂದು ಶಾಲೆಯಲ್ಲಿ ಓದಿದ್ದು ಸುಳ್ಳೆ?

ಉತ್ತರ: ಸುಳ್ಳಲ್ಲ, ಅರ್ಧ ನಿಜ. ಪಾಠ ಹೇಳುವಾಗ ನೀರನ್ನೇ ಉದಾಹರಣೆ ಕೊಡುವುದರಿಂದ ಬಂದ ತೊಡಕು ಇದು. ನೀರು ಮಂಜುಗಡ್ಡೆಯಾಗುತ್ತದೆ, ಆವಿಯೂ ಆಗುತ್ತದೆ, ಯಾವುದಕ್ಕೂ ತಕರಾರಿಲ್ಲ. ಎಲ್ಲ ವಸ್ತುಗಳೂ ಅಷ್ಟು ಒಳ್ಳೆಯ ವಿದ್ಯಾರ್ಥಿಗಳಲ್ಲ.

ನಿಮ್ಮ ಎರಡು ಪ್ರಶ್ನೆಗಳ ಬೇರು ಒಂದೇ. ಒಂದೇ ಒಂದು ಅಣುವನ್ನು ಹೆಕ್ಕಿ ತೆಗೆದು ‘ಇದು ಘನವೋ ದ್ರವವೋ’ ಎಂದು ಕೇಳಿದರೆ ಉತ್ತರವಿಲ್ಲ. ಘನ, ದ್ರವ ಎಂಬುದು ಗುಂಪಿನ ಗುಣ. ಅಕ್ಕಪಕ್ಕದ ಅಣುಗಳು ಒಂದನ್ನೊಂದು ಹಿಡಿದುಕೊಳ್ಳಲು ನೋಡುತ್ತವೆ. ಶಾಖ ಅವನ್ನು ಅಲುಗಾಡಿಸಿ ಬಿಡಿಸಲು ನೋಡುತ್ತದೆ. ಹಿಡಿತ ಗೆದ್ದರೆ ಘನ, ಅಲುಗಾಟ ಪೂರ್ತಿ ಗೆದ್ದರೆ ಅನಿಲ, ಎರಡೂ ಜಗ್ಗಾಡುತ್ತಿದ್ದರೆ ದ್ರವ. ಇಲ್ಲಿ ಹಿಡಿತ ಎಂದದ್ದು ಅಣುವಿನ ಒಳಗಿನ ಪರಮಾಣುಗಳ ಬಂಧವನ್ನಲ್ಲ, ಒಂದು ಅಣುವಿಗೂ ಅದರ ನೆರೆಯ ಅಣುವಿಗೂ ಇರುವ ಸೆಳೆತವನ್ನು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ರೇಷ್ಮೆಯ ಹತ್ತಿರ ಬಂದಾಗ ಬೇಕಾಗುತ್ತದೆ.

ಎಣ್ಣೆಯೂರಿನವರಿಗೆ ಎಣ್ಣೆಯಿಂದಲೇ ಹೇಳಬೇಕು. ಶೇಂಗಾ, ಕೊಬ್ಬರಿ, ಎಳ್ಳು, ಹುಚ್ಚೆಳ್ಳು, ಕೊನೆಗೆ ತುಪ್ಪವೂ ಸೇರಿ, ಎಲ್ಲದರ ಅಣುವಿನ ಕಟ್ಟಡ ಒಂದೇ ಬಗೆಯದು. ಗ್ಲಿಸರಾಲ್ ಎಂಬ ಚಿಕ್ಕ ಬುಡ, ಅದಕ್ಕೆ ಕೊಬ್ಬಿನಾಮ್ಲದ ಮೂರು ಉದ್ದನೆಯ ಬಾಲ. ಬಾಲವೆಂದರೆ ಇಂಗಾಲದ ಪರಮಾಣುಗಳ ಸರಪಳಿ, ಅದರ ಮೈತುಂಬ ಹೈಡ್ರೋಜನ್. ಎಣ್ಣೆ ಎಣ್ಣೆಗೆ ಇರುವ ಭೇದವೆಲ್ಲ ಈ ಬಾಲಗಳಲ್ಲಿ: ಎಷ್ಟು ಉದ್ದ, ಎಲ್ಲಿ ಸೊಟ್ಟ.

ಕೊಬ್ಬರಿ ಎಣ್ಣೆಯ ಬಾಲಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ನೆಟ್ಟಗಿನವು. ಸುಮಾರು ಅರ್ಧದಷ್ಟು ಲಾರಿಕ್ ಆಮ್ಲದವು, ಹನ್ನೆರಡು ಇಂಗಾಲದ ಉದ್ದ. ಶೇಂಗಾ ಎಣ್ಣೆಯಲ್ಲಿ ಮುಖ್ಯವಾದವು ಓಲಿಕ್ ಮತ್ತು ಲಿನೋಲಿಕ್ ಆಮ್ಲಗಳು, ಎರಡೂ ಹದಿನೆಂಟು ಇಂಗಾಲದವು. ಓಲಿಕ್ ಬಾಲದ ನಟ್ಟನಡುವೆ ಒಂದು ಕಡೆ ಎರಡು ಇಂಗಾಲಗಳ ನಡುವೆ ದ್ವಿಬಂಧವಿದೆ. ಆ ಜಾಗದಲ್ಲಿ ಬಾಲ ಮೊಣಕೈಯಂತೆ ಬಾಗಿ ನಿಂತಿದೆ. ಲಿನೋಲಿಕ್‌ನಲ್ಲಿ ಅಂಥ ಬಾಗು ಎರಡು. ತೊಗರಿ ಕಡ್ಡಿಯ ಹೊರೆ ಕಟ್ಟುವುದಕ್ಕೂ ಬಳ್ಳಾರಿ ಜಾಲಿಯ ಹೊರೆ ಕಟ್ಟುವುದಕ್ಕೂ ಇರುವ ವ್ಯತ್ಯಾಸ ನಿಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕಡ್ಡಿಗಳು ಮೈಗೆ ಮೈ ತಾಗಿಸಿ ಕೂರುತ್ತವೆ; ಜಾಲಿಯನ್ನು ಎಷ್ಟು ತುಳಿದು ಬಿಗಿದರೂ ನಡುವೆ ಖಾಲಿ ಜಾಗ ಉಳಿದೇ ಉಳಿಯುತ್ತದೆ. ಅಣುಗಳ ನಡುವಿನ ಸೆಳೆತ ಬಹಳ ಗಿಡ್ಡ ಕೈಯದು. ದೂರ ಒಂದಕ್ಕೆರಡಾದರೆ ಅದು ಅರವತ್ತನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೈ ತಾಗಿದರೆ ಹಿಡಿತ, ಕೊಂಚ ಸರಿದರೆ ಏನೂ ಇಲ್ಲ.

ಬಾಗಿನ ಪ್ರಭಾವ ಎಷ್ಟು ದೊಡ್ಡದು ನೋಡಿ. ಹದಿನೆಂಟೇ ಇಂಗಾಲದ, ಬಾಗಿಲ್ಲದ ಸ್ಟಿಯರಿಕ್ ಆಮ್ಲ ಕರಗುವುದು 69 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒಂದು ಬಾಗಿರುವ ಓಲಿಕ್ 13 ಡಿಗ್ರಿಗೇ ಕರಗುತ್ತದೆ. ಎರಡು ಬಾಗಿನ ಲಿನೋಲಿಕ್ ಕರಗುವುದು ಸೊನ್ನೆಗಿಂತ 5 ಡಿಗ್ರಿ ಕೆಳಗೆ. ಉದ್ದ ಅಷ್ಟೇ, ತೂಕವೂ ಹೆಚ್ಚುಕಡಿಮೆ ಅಷ್ಟೇ. ಇನ್ನೂ ಸೋಜಿಗದ್ದೆಂದರೆ ಎಲೈಡಿಕ್ ಆಮ್ಲ. ಓಲಿಕ್‌ನಲ್ಲಿರುವ ಪರಮಾಣುಗಳೇ ಇದರಲ್ಲೂ, ದ್ವಿಬಂಧವೂ ಅದೇ ಜಾಗದಲ್ಲಿ. ಆದರೆ ತಿರುಚಿಕೊಂಡ ಬಗೆ ಬೇರೆಯಾದ್ದರಿಂದ ಬಾಲ ನೆಟ್ಟಗೆ ನಿಲ್ಲುತ್ತದೆ. ಅದು ಕರಗಲು ಸುಮಾರು 45 ಡಿಗ್ರಿ ಬೇಕು. ಟ್ರಾನ್ಸ್ ಕೊಬ್ಬು ಎಂದು ವೈದ್ಯರು ಹೆದರಿಸುವುದು ಈ ಜಾತಿಯನ್ನೇ. ಎಣ್ಣೆಗೆ ನಿಕ್ಕಲ್ ಸೇರಿಸಿ ಹೈಡ್ರೋಜನ್ ಹಾಯಿಸಿ ಬಾಗುಗಳನ್ನು ನೆಟ್ಟಗೆ ಮಾಡುವ ವಿದ್ಯೆಗೆ ಜರ್ಮನಿಯ ವಿಲ್ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದ. ವನಸ್ಪತಿ ಹುಟ್ಟಿದ್ದು ಹಾಗೆ. ಕೆಲಸ ಅರ್ಧಕ್ಕೆ ನಿಂತಾಗ ಉಳಿಯುವ ಟ್ರಾನ್ಸ್ ಬಾಲಗಳು ಹೃದಯಕ್ಕೆ ಕೇಡು ಎಂಬುದು ಗೊತ್ತಾಗಲು ಬಹಳ ಕಾಲ ಹಿಡಿಯಿತು. ನಮ್ಮಲ್ಲಿ ಎಣ್ಣೆ–ಕೊಬ್ಬುಗಳಲ್ಲಿ ಅದು ಶೇ 2 ಮೀರಬಾರದೆಂಬ ನಿಯಮ ಬಂದದ್ದು 2022ರಲ್ಲಿ.

ಹಾಗಾದರೆ ನೆಟ್ಟಗಿನ ಬಾಲದ ಕೊಬ್ಬರಿ ಎಣ್ಣೆ ಬೇಸಿಗೆಯಲ್ಲೂ ಗಟ್ಟಿಯಾಗೇ ಇರಬೇಕಿತ್ತಲ್ಲ? ಅಲ್ಲಿ ಬಾಲ ಮೋಟು. ಮೈ ತಾಗುವ ಜಾಗ ಕಡಿಮೆ, ಹಿಡಿತವೂ ಕಡಿಮೆ. ಅದಕ್ಕೇ ಅದು ಸುಮಾರು 24 ಡಿಗ್ರಿಗೆ ಕರಗುತ್ತದೆ. ಚಳ್ಳಕೆರೆಯ ಬಿಸಿಲಿಗೆ 24 ಯಾವ ಲೆಕ್ಕ? ಡಿಸೆಂಬರ್‌ನ ಮುಂಜಾನೆಗಳು ಮಾತ್ರ ಅದಕ್ಕಿಂತ ಸಾಕಷ್ಟು ಕೆಳಗಿಳಿಯುತ್ತವೆ, ಬಾಟಲಿ ಗಟ್ಟಿಯಾಗುತ್ತದೆ.

ಶೇಂಗಾ ಎಣ್ಣೆಯೂ ಹೆಪ್ಪುಗಟ್ಟದ ಗಂಡೇನಲ್ಲ. ಒಂದು ಗಾಜಿನ ಲೋಟದಲ್ಲಿ ಸ್ವಲ್ಪ ಹಾಕಿ ಎರಡು ದಿನ ಫ್ರಿಜ್‌ನಲ್ಲಿಡಿ. ಮೊದಲು ಮಂಜು ಮುಸುಕಿದಂತಾಗುತ್ತದೆ, ಆಮೇಲೆ ಲೋಳೆಯಂತೆ ದಪ್ಪಗಾಗುತ್ತದೆ. ಬೇರೆ ಕೆಲವು ಎಣ್ಣೆಗಳನ್ನು ತಣ್ಣಗೆ ಮಾಡಿದರೆ ಹರಳು ಕೆಳಗೆ ಕೂರುತ್ತದೆ, ಸೋಸಿ ತೆಗೆಯಬಹುದು. ಶೇಂಗಾದ್ದು ಜಿಗಟು ಜಾಲರಿಯಾಗಿ ಇಡೀ ಎಣ್ಣೆಯನ್ನೇ ಹಿಡಿದುಕೊಳ್ಳುವುದರಿಂದ ಸೋಸಲು ಬಗ್ಗುವುದಿಲ್ಲ. ಅದರಲ್ಲಿ ಶೇ 5ರಿಂದ 7ರಷ್ಟು ಬಾಲಗಳು ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತನಾಲ್ಕು ಇಂಗಾಲದ ಉದ್ದನೆಯ ನೆಟ್ಟ ಬಾಲಗಳು. ಚಳಿ ತಾಗಿದೊಡನೆ ಮೊದಲು ಕೈ ಹಿಡಿದು ನಿಲ್ಲುವುದು ಅವೇ.

ಇದನ್ನೇ ಕಲಬೆರಕೆಯ ಪರೀಕ್ಷೆ ಮಾಡಿಕೊಂಡವರು ಇದ್ದಾರೆ. ಅರ್ಧ ಮಾತ್ರ ನಂಬಿ. ಶೇಂಗಾ ಎಣ್ಣೆಯೆಂದು ಕೊಟ್ಟದ್ದು ಅಡುಗೆಮನೆಯ 18 ಡಿಗ್ರಿಯಲ್ಲೇ ತಳದಲ್ಲಿ ಬೆಳ್ಳಗೆ ಕಟ್ಟಿದರೆ ತಾಳೆ ಎಣ್ಣೆಯ ಅನುಮಾನ ಪಡಬಹುದು, ಏಕೆಂದರೆ ತಾಳೆಯಲ್ಲಿ ಹೆಚ್ಚುಕಡಿಮೆ ಅರ್ಧ ಬಾಲಗಳು ನೆಟ್ಟಗಿನವು. ಆದರೆ ತಿಳಿಯಾಗಿದೆ ಎಂದ ಮಾತ್ರಕ್ಕೆ ಶುದ್ಧವೆಂದಲ್ಲ. ಸೂರ್ಯಕಾಂತಿ ಎಣ್ಣೆ ಬೆರೆಸಿದ್ದರೆ ಚಳಿ ಅದನ್ನು ಹಿಡಿದುಕೊಡುವುದಿಲ್ಲ.

ಗಟ್ಟಿಯಾಗಿ ಕರಗಿದರೆ ಎಣ್ಣೆ ಕೆಡುವುದೇ ಎಂದಿರಿ. ಕೆಡುವುದಿಲ್ಲ. ಹೆಪ್ಪುಗಟ್ಟುವಾಗಲೂ ಕರಗುವಾಗಲೂ ಬದಲಾಗುವುದು ಅಣು ಅಣುವಿನ ನಡುವಿನ ನೆಂಟಸ್ತಿಕೆ ಮಾತ್ರ. ಅಣುವಿನೊಳಗೆ ಒಂದು ಕೊಂಡಿಯೂ ಕದಲುವುದಿಲ್ಲ. ಬಿಸಿನೀರಿನಲ್ಲಿ ಬಾಟಲಿ ಇಟ್ಟು ಕರಗಿಸಿ, ನಿಶ್ಚಿಂತೆಯಿಂದ ತಲೆಗೆ ಹಚ್ಚಿ. ಎಣ್ಣೆ ಕೆಡುವುದು, ಕಮಟು ವಾಸನೆ ಬರುವುದು, ಗಾಳಿಯ ಆಮ್ಲಜನಕ ಬಾಲದ ಮೇಲೆ ಎರಗಿದಾಗ. ಅದು ಎರಗುವುದು ದ್ವಿಬಂಧದ ಆಸುಪಾಸಿನಲ್ಲೇ. ಶೇಂಗಾ ಎಣ್ಣೆಯನ್ನು ಚಳಿಯಲ್ಲೂ ಹರಿಯುವಂತೆ ಮಾಡಿದ ಬಾಗೇ ಅದರ ಹುಳುಕೂ ಹೌದು. ಹೆಪ್ಪುಗಟ್ಟುವ ಕೊಬ್ಬರಿ ಎಣ್ಣೆ ಹೆಚ್ಚು ಕಾಲ ಬಾಳುತ್ತದೆ. ಶೇಂಗಾ ಎಣ್ಣೆಯ ಡಬ್ಬವನ್ನು ಬೆಳಕಿನಿಂದ ದೂರ, ಮುಚ್ಚಳ ಬಿಗಿಮಾಡಿ ಇಡಿ.

ಈಗ ಆ ಹಿಡಿತ ಯಾವುದು ಎಂಬುದು. ಬಾಲಗಳಿಗೆ ವಿದ್ಯುತ್ತಿನ ಧನವೂ ಇಲ್ಲ, ಋಣವೂ ಇಲ್ಲ. ಅಂಟಿಕೊಳ್ಳಲು ಕಾರಣವೇ ಕಾಣದು. ಅಣುಗಳ ನಡುವೆ ಏನೋ ಒಂದು ಸೆಳೆತವಿದೆಯೆಂದು ಊಹಿಸಿ, ಅದನ್ನು ಅನಿಲಗಳ ಲೆಕ್ಕದೊಳಗೆ ತಂದವರು ಹಾಲೆಂಡಿನ ಯೋಹಾನೆಸ್ ವಾನ್ ಡರ್ ವಾಲ್ಸ್. ಬಡಗಿಯ ಮಗ, ಶಾಲಾ ಮಾಸ್ತರರಾಗಿದ್ದವರು. 1873ರಲ್ಲಿ ಲೈಡನ್‌ನಲ್ಲಿ ಬರೆದ ಪ್ರಬಂಧದಲ್ಲಿ ಅನಿಲವೂ ದ್ರವವೂ ಬೇರೆ ಬೇರೆ ಲೋಕಗಳಲ್ಲ, ಒಂದರಿಂದ ಒಂದಕ್ಕೆ ಎಡೆಬಿಡದೆ ಹೋಗಬಹುದು ಎಂದು ತೋರಿಸಿದರು. 1910ರಲ್ಲಿ ನೊಬೆಲ್ ಬಂತು. ಸೆಳೆತದ ಗುಟ್ಟು ಬಿಡಿಸಿದ್ದು 1930ರಲ್ಲಿ, ಫ್ರಿಟ್ಜ್ ಲಂಡನ್ ಎಂಬ ಜರ್ಮನ್ ಭೌತವಿಜ್ಞಾನಿ. ಅಣುವಿನ ಎಲೆಕ್ಟ್ರಾನುಗಳು ಒಂದು ಗಳಿಗೆ ಈ ಪಕ್ಕ, ಒಂದು ಗಳಿಗೆ ಆ ಪಕ್ಕ ವಾಲುತ್ತಲೇ ಇರುತ್ತವೆ. ವಾಲಿದ ಗಳಿಗೆಯಲ್ಲಿ ಒಂದು ತುದಿ ಋಣ, ಇನ್ನೊಂದು ಧನ. ಅದನ್ನು ಕಂಡು ಪಕ್ಕದ ಅಣುವಿನ ಎಲೆಕ್ಟ್ರಾನುಗಳೂ ತಾಳ ಹಾಕಿದಂತೆ ವಾಲುತ್ತವೆ. ಕ್ಷಣಕ್ಕೊಮ್ಮೆ ಹುಟ್ಟಿ ಸಾಯುವ ಈ ಸಣ್ಣ ಸೆಳೆತಗಳ ಮೊತ್ತವೇ ಎಣ್ಣೆಯನ್ನು ಹೆಪ್ಪುಗಟ್ಟಿಸುವುದು. ನಿಮ್ಮ ಗೋಡೆಯ ಮೇಲೆ ಲೊಚಗುಟ್ಟುವ ಹಲ್ಲಿ ತಲೆಕೆಳಗಾಗಿ ನಿಲ್ಲುವುದೂ ಬಹುಮಟ್ಟಿಗೆ ಇದೇ ಬಲದಿಂದ: ಅದರ ಬೆರಳಿನಲ್ಲಿ ಅಂಟಿಲ್ಲ, ಗೋಡೆಗೆ ಮೈತಾಗಿಸುವ ಲಕ್ಷಾಂತರ ನವಿರು ರೋಮಗಳಿವೆ.

ಒಂದೊಂದು ಸೆಳೆತ ಅಲ್ಪ, ಆದರೆ ಕೂಡಿಸಿದರೆ ಅಲ್ಪವಲ್ಲ. ಬಾಲದ ಒಂದು ಕೊಂಡಿಯ ಪಾಲಿಗೆ, ಪ್ರತಿ ಮೋಲ್ ಲೆಕ್ಕದಲ್ಲಿ, ಬರುವುದು ಕೆಲವೇ ಕಿಲೋಜೂಲ್. ಎರಡು ಇಂಗಾಲಗಳ ನಡುವಿನ ಒಳಬಂಧ ಸುಮಾರು 350. ಆದರೆ ಶೇಂಗಾ ಎಣ್ಣೆಯ ಒಂದು ಅಣುವಿನ ಮೂರು ಬಾಲಗಳಲ್ಲಿ ಐವತ್ತಕ್ಕೂ ಹೆಚ್ಚು ಕೊಂಡಿಗಳಿವೆ. ಆ ಅಣು ಆವಿಯಾಗಿ ಹಾರಬೇಕಾದರೆ ಅಷ್ಟೂ ಕಡೆಯ ಹಿಡಿತ ಒಮ್ಮೆಗೇ ಬಿಡಬೇಕು. ಅಷ್ಟು ಶಾಖ ಕೊಡುವ ಹೊತ್ತಿಗೆ ಒಳಗಿನ ಬಂಧಗಳೇ ಮುರಿಯತೊಡಗುತ್ತವೆ. ಅದಕ್ಕೇ ಎಣ್ಣೆ ಕುದಿಯುವುದಿಲ್ಲ, ಹೊಗೆಯಾಡುತ್ತದೆ. ‘ಎಣ್ಣೆ ಕುದಿತಾ ಇದೆ, ಮೆಣಸಿನಕಾಯಿ ಬಿಡು’ ಎಂದು ಮಂಡಕ್ಕಿ ಅಂಗಡಿಯಲ್ಲಿ ಕೂಗಿದರೂ ಬಾಣಲೆಯಲ್ಲಿ ಭುಸುಗುಟ್ಟುವುದು ಎಣ್ಣೆಯಲ್ಲ. ಮೆಣಸಿನಕಾಯಿಯ, ಹಿಟ್ಟಿನ ನೀರು 100 ಡಿಗ್ರಿ ದಾಟಿ ಆವಿಯಾಗಿ ಚಿಮ್ಮುತ್ತಿದೆ. ಎಣ್ಣೆ 180ರ ಹತ್ತಿರ ಸುಮ್ಮನೆ ಕೂತಿದೆ. ಗುಳ್ಳೆ ನಿಂತರೆ ನೀರು ಮುಗಿಯಿತು ಎಂದರ್ಥ. ಒಳ್ಳೆಯ ಬಾಣಸಿಗರು ಗುಳ್ಳೆಯ ಸದ್ದು ಕೇಳಿಯೇ ಜಾಲರಿ ಎತ್ತುತ್ತಾರೆ.

ಎಣ್ಣೆ ಮಿಲ್ಲುಗಳ ಬೀದಿಯಲ್ಲಿ ಬರುವ ಘಮವೂ ಇದಕ್ಕೆ ಸಾಕ್ಷಿ. ಮೂಗಿಗೆ ಬರಬೇಕಾದರೆ ಅಣು ಹಾರಿ ಬರಬೇಕು. ಎಣ್ಣೆಯ ಅಣು ಹಾರದು. ಹಾರುವುದು ಶೇಂಗಾ ಬಿಸಿಯಾದಾಗ ಹುಟ್ಟುವ ಪುಟ್ಟ ಅಣುಗಳು, ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಅವನ್ನೆಲ್ಲ ರಿಫೈನರಿಯಲ್ಲಿ ಹಬೆ ಹಾಯಿಸಿ ಓಡಿಸಿದ ಮೇಲೆ ಉಳಿಯುವ ಎಣ್ಣೆಗೆ ವಾಸನೆಯೇ ಇಲ್ಲ. ನನ್ನ ಮಟ್ಟಿಗೆ ಅದು ಎಣ್ಣೆಯೂ ಅಲ್ಲ, ಆದರೆ ರುಚಿಯ ಮಾತು ಇಲ್ಲಿ ಬೇಡ.

ಅಂದರೆ ಅಡುಗೆಮನೆಯ ಮಟ್ಟಿಗೆ ಎಣ್ಣೆಗೆ ಅನಿಲಸ್ಥಿತಿ ಇಲ್ಲ. ಇದೇ ನ್ಯಾಯವನ್ನು ಒಂದು ಮೆಟ್ಟಿಲು ಕೆಳಗಿಳಿಸಿದರೆ ಮೊಳಕಾಲ್ಮುರಿನ ರೇಷ್ಮೆ ಸಿಗುತ್ತದೆ. ಅದಕ್ಕೆ ದ್ರವಸ್ಥಿತಿಯೂ ಇಲ್ಲ.

ರೇಷ್ಮೆಯಲ್ಲಿ ಹಿಡಿತದ ಜಾತಿ ಬೇರೆ. ಆಮ್ಲಜನಕ ಅಥವಾ ಸಾರಜನಕಕ್ಕೆ ಅಂಟಿಕೊಂಡ ಹೈಡ್ರೋಜನ್ನಿನ ಎಲೆಕ್ಟ್ರಾನನ್ನು ಅವು ತಮ್ಮ ಕಡೆ ಎಳೆದುಕೊಳ್ಳುತ್ತವೆ. ಬರಿಮೈಯಾದ ಹೈಡ್ರೋಜನ್ ಪಕ್ಕದ ಅಣುವಿನ ಆಮ್ಲಜನಕದತ್ತ ಕೈ ಚಾಚುತ್ತದೆ. ಇದು ಹೈಡ್ರೋಜನ್ ಬಂಧ. ನೀರಿನಲ್ಲಿ ಇದರ ಬಲ ಸುಮಾರು 20 ಕಿಲೋಜೂಲ್. ನೀರು ಈ ಲೋಕದಲ್ಲಿ ನೀರಾಗಿರುವುದೇ ಇದರಿಂದ: ನೀರಿಗಿಂತ ಹೆಚ್ಚುಕಡಿಮೆ ಎರಡರಷ್ಟು ತೂಕದ ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆಯ ವಾಸನೆಯ ಅನಿಲ, ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿದುಬಿಡುತ್ತದೆ.

ರೇಷ್ಮೆ ಎಳೆಯಲ್ಲಿ ಎರಡು ಪ್ರೋಟೀನುಗಳು. ಒಳಗಿನ ನಾರು ಫೈಬ್ರಾಯಿನ್, ಹೊರಗಿನ ಅಂಟು ಸೆರಿಸಿನ್. ಫೈಬ್ರಾಯಿನ್ ಬಹಳ ಉದ್ದನೆಯ ಸರಪಳಿ, ಅದರ ಬಿಗಿಯಾದ ಭಾಗಗಳಲ್ಲಿ ಪ್ರತಿ ಎರಡನೆಯ ಕೊಂಡಿಯೂ ಗ್ಲೈಸೀನ್, ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು. ಪಕ್ಕಕ್ಕೆ ಚಾಚಿದ ದೊಡ್ಡ ಗುಂಪುಗಳಿಲ್ಲದ್ದರಿಂದ ಸರಪಳಿಗಳು ಸಾಲಾಗಿ, ಹಾಳೆ ಹಾಳೆಯಾಗಿ ಒತ್ತಿ ಕೂರುತ್ತವೆ. ಪ್ರತಿ ಮೂರು ಪರಮಾಣುವಿಗೊಮ್ಮೆ ಬರುವ ಕೊಂಡಿಯಲ್ಲೂ ಪಕ್ಕದ ಸರಪಳಿಗೆ ಹೈಡ್ರೋಜನ್ ಬಂಧ. ಇಷ್ಟನ್ನೂ ಬಿಡಿಸಿ ಹರಿಯುವಂತೆ ಮಾಡುವಷ್ಟು ಕಾಯಿಸಹೊರಟರೆ, 250 ಡಿಗ್ರಿ ದಾಟುತ್ತಿದ್ದಂತೆ ಸರಪಳಿಯೇ ತುಂಡಾಗತೊಡಗುತ್ತದೆ. ಹಿಡಿತ ಬಿಡುವ ಮೊದಲು ಕೈಯೇ ಮುರಿದ ಹಾಗೆ. ಕರಗದೆ ಕರಿಕಾಗುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಬೆರಳಲ್ಲಿ ಹಿಸುಕಿದರೆ ಬೂದಿ ಪುಡಿಯಾಗುತ್ತದೆ. ಕೂದಲೂ ಪ್ರೋಟೀನೇ. ಕುರಿಯ ಉಣ್ಣೆಯೂ ಅಷ್ಟೇ, ಚಳ್ಳಕೆರೆಯ ಕಂಬಳಿಯ ಎಳೆ ಸುಟ್ಟು ನೋಡಿದರೂ ಇದೇ ವಾಸನೆ. ಕಟ್ಟಿಗೆ, ಹತ್ತಿ, ಕಾಗದ ಕರಗದೆ ಇರುವುದಕ್ಕೂ ಇದೇ ಕಾರಣ.

ಪಾಲಿಯೆಸ್ಟರ್ ಸರಪಳಿಗಳ ನಡುವೆ ಹೈಡ್ರೋಜನ್ ಬಂಧವಿಲ್ಲ. ಸುಮಾರು 260 ಡಿಗ್ರಿಗೆ ಹಿಡಿತ ಬಿಡುತ್ತದೆ, ಸರಪಳಿ ಇನ್ನೂ ಇಡಿಯಾಗೇ ಇರುತ್ತದೆ. ಹಾಗಾಗಿ ಕರಗಿ ಮಣಿ ಕಟ್ಟುತ್ತದೆ. ನೈಲಾನ್ ಕತೆ ಇನ್ನೂ ಸ್ವಾರಸ್ಯದ್ದು. 1935ರಲ್ಲಿ ಅಮೆರಿಕದ ವಾಲೇಸ್ ಕರೋದರ್ಸ್ ಅದನ್ನು ಕಟ್ಟಿದ್ದು ರೇಷ್ಮೆಯಲ್ಲಿರುವಂಥದೇ ಕೊಂಡಿಯಿಂದ. ಆದರೆ ಕೊಂಡಿ ಕೊಂಡಿಯ ನಡುವೆ ಎಣ್ಣೆಯ ಬಾಲದಂಥ ಉದ್ದನೆಯ ಇಂಗಾಲದ ತುಂಡು ಸೇರಿಸಿದ್ದರಿಂದ ಹೈಡ್ರೋಜನ್ ಬಂಧಗಳು ವಿರಳವಾದವು. ನೈಲಾನ್ ಕರಗುತ್ತದೆ. ಕರಗುವುದರಿಂದಲೇ ಕಾರ್ಖಾನೆಯಲ್ಲಿ ಅದನ್ನು ಸಣ್ಣ ತೂತುಗಳಿಂದ ಒತ್ತಿ ದಾರ ತೆಗೆಯಬಹುದು. ರೇಷ್ಮೆಗೆ ಹುಳುವೇ ಬೇಕು.

ಸೆರಿಸಿನ್‌ದು ತದ್ವಿರುದ್ಧ ಸ್ವಭಾವ. ನೀರನ್ನು ಕಂಡರೆ ಕೈ ಚಾಚುವ ಗುಂಪುಗಳು ಅದರಲ್ಲಿ ಹೇರಳ, ಜೋಡಣೆಯೂ ಸಡಿಲ. ಬಿಸಿನೀರು ಒಳನುಗ್ಗಿ ಸೆರಿಸಿನ್ ಸರಪಳಿಗಳ ನಡುವಿನ ಬಂಧಗಳನ್ನು ಬಿಡಿಸಿ ತಾನು ಆ ಜಾಗ ಹಿಡಿಯುತ್ತದೆ. ನೂಲು ಬಿಚ್ಚುವವರು ಗೂಡುಗಳನ್ನು ಬಿಸಿನೀರಿಗೆ ಹಾಕಿ ಎಳೆಯ ತುದಿ ಹುಡುಕುವುದು ಇದರ ಬಲದ ಮೇಲೆ. ಹಲವು ಗೂಡುಗಳ ಎಳೆಗಳನ್ನು ಕೂಡಿಸಿ ಸುತ್ತುವಾಗ ನೀರು ಆರಿ, ಅದೇ ಸೆರಿಸಿನ್ ಮತ್ತೆ ಗಟ್ಟಿಯಾಗಿ ಅವನ್ನೆಲ್ಲ ಒಂದೇ ನೂಲಾಗಿ ಬೆಸೆಯುತ್ತದೆ. ಆಮೇಲೆ ಸೋಪಿನ ನೀರಿನಲ್ಲಿ ಬೇಯಿಸಿ ಅಂಟನ್ನೆಲ್ಲ ತೆಗೆದರೆ ತೂಕದಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಹೋಗುತ್ತದೆ, ಹೊಳಪು, ನುಣುಪು ಬರುತ್ತದೆ, ಬಣ್ಣ ಹಿಡಿಯುತ್ತದೆ. ಫೈಬ್ರಾಯಿನ್ನಿನ ಬಿಗಿ ಭಾಗಕ್ಕೆ ನೀರು ನುಗ್ಗಲಾರದು. ಸಡಿಲ ಭಾಗಕ್ಕೆ ನುಗ್ಗುವುದರಿಂದ ಒದ್ದೆಯಾದ ರೇಷ್ಮೆ ಕೊಂಚ ಸೋಲುತ್ತದೆ. ಸೀರೆ ಒಗೆದಾಗ ಹಿಂಡಬೇಡಿ ಎಂದು ಅತ್ತಿಗೆ ಹೇಳುವುದು ಸುಮ್ಮನೆ ಅಲ್ಲ.

ಹೈಡ್ರೋಜನ್ ಬಂಧವೆಂದರೆ ಸರಿಯಾಗಿ ಏನು ಎಂಬ ತಕರಾರು ವಿಜ್ಞಾನಿಗಳಲ್ಲೇ ಬಹಳ ಕಾಲ ಇತ್ತು. ಅದಕ್ಕೆ ಹೊಸ ವ್ಯಾಖ್ಯೆ ಬರೆಯಲು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟ ಕೂಡಿಸಿದ ತಂಡದ ಮುಂದಾಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ವ್ಯಾಖ್ಯೆ ಹೊರಬಂದದ್ದು 2011ರಲ್ಲಿ. ಅದೇ ಸಂಸ್ಥೆಯ ಎರಡನೆಯ ಆವರಣ ನಿಮ್ಮ ತಾಲ್ಲೂಕಿನ ಕುದಾಪುರದಲ್ಲಿದೆ, ಅಲ್ಲಿ ಶಾಲಾ ವಿಜ್ಞಾನ ಶಿಕ್ಷಕರಿಗೆ ತರಬೇತಿಯೂ ನಡೆಯುತ್ತದೆ. ‘ಸರ್, ರೇಷ್ಮೆಗೆ ಮೂರು ಸ್ಥಿತಿ ಇದೆಯಾ?’ ಎಂದು ಅಲ್ಲಿಗೆ ಹೋಗಿಬಂದ ಮೇಷ್ಟ್ರನ್ನು ನಿಮ್ಮ ಮಕ್ಕಳು ಕೇಳಲಿ.

ಮೂರಕ್ಕಿಂತ ಕಡಿಮೆ ಇರುವುದು ಮಾತ್ರವಲ್ಲ, ಹೆಚ್ಚು ಇರುವುದೂ ಉಂಟು. ಅದರಲ್ಲಿ ಒಂದು ಸಿಕ್ಕಿದ್ದು ಕರ್ನಾಟಕದಲ್ಲೇ. ಹರಿಯುವ ಗುಣವೂ ಹರಳಿನ ಶಿಸ್ತೂ ಕೂಡಿರುವ ದ್ರವ ಸ್ಫಟಿಕಗಳು 19ನೆಯ ಶತಮಾನದಿಂದ ಗೊತ್ತಿದ್ದವು. ಅವುಗಳ ಅಣುಗಳೆಲ್ಲ ಕೋಲಿನಾಕಾರದವು, ಹಾಗೆಯೇ ಇರಬೇಕು ಎಂಬ ನಂಬಿಕೆಯಿತ್ತು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ 1977ರಲ್ಲಿ ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗುತ್ತವೆಂದು ತೋರಿಸಿದರು. ತಟ್ಟೆಗಳು ಒಂದರ ಮೇಲೊಂದು ಕೂತು ಕಂಬಗಳಾಗುತ್ತವೆ, ಕಂಬಗಳು ಸಾಲು ಕಟ್ಟುತ್ತವೆ. ಆ ಅಣುವಿನ ನಡುವೆ ಬೆಂಜೀನಿನ ಉಂಗುರ, ಉಂಗುರದ ಆರು ಮೂಲೆಗೂ ಒಂದೊಂದು ಕೊಬ್ಬಿನಾಮ್ಲದ ಬಾಲ. ಎಣ್ಣೆಯಲ್ಲಿ ಮೂರು, ಇಲ್ಲಿ ಆರು. ಉಂಗುರಗಳು ಘನದಂತೆ ಸಾಲು ಹಿಡಿದು ನಿಂತಿರುವಾಗ ಬಾಲಗಳು ಮಾತ್ರ ಎಣ್ಣೆಯಲ್ಲಿದ್ದಂತೆ ಅಡ್ಡಾದಿಡ್ಡಿ ಅಲುಗುತ್ತಿರುತ್ತವೆ, ಒಂದೇ ಅಣುವಿನಲ್ಲಿ.